ಓಮದ ಕಾಳು, ಖಾಲಿ ವೃತ್ತ | ಭಾಗ 4

"ಓಮದ ಕಾಳು ಬ್ಯಾಕ್ಟೀರಿಯಾ ಕೊಲ್ಲುತ್ತೆ, ಲ್ಯಾಬಲ್ಲೇ ಪ್ರೂವ್ ಆಗಿದೆ" ಅನ್ನೋ ರೀಲ್ ನೋಡಿ ನಮ್ಮಮ್ಮ ಮೂತ್ರದ ಸೋಂಕಿಗೆ ಡಾಕ್ಟರ್ ಕೊಟ್ಟ ಮಾತ್ರೇನ ಅರ್ಧಕ್ಕೇ ನಿಲ್ಲಿಸಿ ಕಷಾಯ ಶುರು ಮಾಡಿದ್ರು. ವಾರದೊಳಗೆ ಜ್ವರ ವಾಪಸ್.

ರೀಲ್ ಪೂರ್ತಿ ಸುಳ್ಳಲ್ಲ, ಅದೇ ತಲೆನೋವು. ಓಮದಲ್ಲಿರೋ ಥೈಮಾಲ್ ನಿಜವಾಗ್ಲೂ ಬ್ಯಾಕ್ಟೀರಿಯಾ ಕೊಲ್ಲುತ್ತೆ, ಕೆಲವು ಮೌತ್‌ವಾಶ್‌ಗಳಲ್ಲೂ ಅದಿದೆ. ಆದ್ರೆ ಆ "ಪ್ರೂವ್" ಏನು ಅಂತ ಮೈಕ್ರೋಬಯಾಲಜಿ ಓದೋ ಗೆಳತಿ ಹೇಳಿದ್ಲು. ಅಗರ್ ತಟ್ಟೆ ಮೇಲೆ ಬ್ಯಾಕ್ಟೀರಿಯಾ ಹರಡಿ, ಸಣ್ಣ ಗುಳಿ ಕೊರೆದು, ಬೀಜದ ಸಾರ ಹಾಕಿ, 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಡ್ತಾರೆ. ಬೆಳಿಗ್ಗೆ ಗುಳಿ ಸುತ್ತ ಏನೂ ಬೆಳೆಯದ ವೃತ್ತ ಕಂಡ್ರೆ ಮಿಲಿಮೀಟರ್‌ನಲ್ಲಿ ಅಳೀತಾರೆ. ಪಕ್ಕದಲ್ಲಿ ಬರೀ ಆಲ್ಕೋಹಾಲ್ ಹಾಕಿದ ಗುಳಿನೂ ಬೇಕು. ಯಾಕಂದ್ರೆ ಸಾರ ತೆಗೆಯೋಕೆ ಬಳಸಿದ ಆಲ್ಕೋಹಾಲೇ ಕೊಂದಿರಬಹುದು! (ಇದನ್ನ ಯಾವ ರೀಲೂ ಹೇಳಲ್ಲ.)

ನಮ್ಮ ಬಿಕಾಂ ಭಾಷೇಲಿ, ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ. ತಟ್ಟೆಗೆ ಹೊಟ್ಟೆ ಇಲ್ಲ, ಲಿವರ್ ಇಲ್ಲ. ಕುಡಿದ ಕಷಾಯದ ಥೈಮಾಲ್ ಮೂತ್ರಕೋಶಕ್ಕೆ ಎಷ್ಟು ತಲುಪುತ್ತೆ ಅಂತ ಆ ವೃತ್ತ ಹೇಳಲ್ಲ.

ಹಾಗಂತ ಗೆಳತಿಯ ಪ್ರಾಜೆಕ್ಟ್ ವೇಸ್ಟ್ ಅಲ್ಲ, ಔಷಧಿ ಹುಡುಕೋದು ಅಲ್ಲಿಂದಲೇ ಶುರು. ಶುರುನ ಕೊನೆ ಅಂತ ತೋರಿಸಿ ವ್ಯೂಸ್ ತಗೊಳ್ಳೋರ ಮೇಲೆ ನನ್ನ ಜಗಳ.

ಅಮ್ಮ ಈ ಸಲ ಕೋರ್ಸ್ ಮುಗಿಸಿದ್ರು. ಓಮದ ನೀರೂ ಬಿಟ್ಟಿಲ್ಲ. ನಿಮ್ಮನೇಲಿ ಯಾರಾದ್ರೂ ಹೀಗೆ ಮಾತ್ರೆ ನಿಲ್ಲಿಸಿದ್ದಾರಾ? ಕಾಮೆಂಟಲ್ಲಿ ಹೇಳಿ.