ಗೆದ್ದಾಗ ನಾವು, ಸೋತಾಗ ಅವರು

ಆಟದ ಮೈದಾನದ ವಿಷಯ ಈ ಅಂಕಣಕ್ಕೆ ಸಲ್ಲದೆಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಅದಕ್ಕೆ ಇದೇ ಪತ್ರಿಕೆಯಲ್ಲಿ ಬೇರೆ ಪುಟವಿದೆ, ನಮಗಿಂತ ಬಲ್ಲವರೂ ಇದ್ದಾರೆ. ಆದರೆ 2025ರ ಅಕ್ಟೋಬರ್ ತಿಂಗಳ ಒಂದು ಭಾನುವಾರ ಬಲಿಪೂಜೆ ಮುಗಿಸಿ ನಾವು ದೇವಾಲಯದ ಬಾಗಿಲಿಗೆ ಬಂದಾಗ, ಮಲ್ಲಿಪಟ್ಟಣದ ಕಡೆಯ ತಾಯಿಯೊಬ್ಬರು ನಮಗಾಗಿ ಕಾದು ನಿಂತಿದ್ದರು. ಶುಂಠಿ, ಹೊಗೆಸೊಪ್ಪು ಬೆಳೆದು ಬದುಕುವ ಮನೆ. ಕೈಯಲ್ಲಿ ಮಗನ ಮೊಬೈಲು. “ಸ್ವಾಮಿ, ಇದನ್ನ ನನ್ನ ಬಾಯಲ್ಲಿ ಹೇಳೋಕಾಗಲ್ಲ, ನೀವೇ ಓದಿ” ಎಂದು ಅದನ್ನು ನಮ್ಮ ಕೈಗಿತ್ತರು.

ಓದಿದೆವು. ಭಾರತದ ಫುಟ್‌ಬಾಲ್ ತಂಡದ ಆಟಗಾರರೊಬ್ಬರಿಗೆ ನೇರವಾಗಿ ತಲುಪುವಂತೆ ಆ ಹುಡುಗ ನಾಲ್ಕು ಸಾಲು ಬರೆದಿದ್ದನು. ಮೊದಲ ಸಾಲು ಆಟದ ವಿಷಯ. ಉಳಿದ ಮೂರು ಆ ಆಟಗಾರನ ತಾಯಿಯ ವಿಷಯ. ಅವನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ಬರೆದವನು ಕೆಟ್ಟ ಹುಡುಗನಲ್ಲ. ಪದವಿ ತರಗತಿಯಲ್ಲಿ ಓದುತ್ತಾನೆ, ಹಬ್ಬದ ದಿನ ತೇರಿಗೆ ಹೆಗಲು ಕೊಡುತ್ತಾನೆ, ಊರಲ್ಲಿ ಯಾರಾದರೂ ತೀರಿಕೊಂಡರೆ ಗುಂಡಿ ತೋಡಲು ಕರೆಯದೆಯೇ ಬರುತ್ತಾನೆ. ಅಂಥವನ ಕೈಯಿಂದ ಈ ಮಾತುಗಳು ಹೇಗೆ ಬಂದವು ಎಂಬುದೇ ತಾಯಿಯ ಪ್ರಶ್ನೆ. ಅದು ನಮ್ಮ ಪ್ರಶ್ನೆಯೂ ಆಯಿತು.

ನಡೆದದ್ದಿಷ್ಟು. 2027ರಲ್ಲಿ ಸೌದಿ ಅರೇಬಿಯದಲ್ಲಿ ನಡೆಯುವ ಏಷ್ಯಾ ಕಪ್ ಪಂದ್ಯಾವಳಿಗೆ 24 ತಂಡಗಳು ಆಯ್ಕೆಯಾಗಬೇಕಿತ್ತು. ಭಾರತವಿದ್ದ ಗುಂಪಿನಲ್ಲಿ ಹಾಂಗ್‌ಕಾಂಗ್, ಸಿಂಗಪುರ, ಬಾಂಗ್ಲಾದೇಶಗಳಿದ್ದವು. ಮೊದಲ ಸ್ಥಾನ ಪಡೆದವರಿಗೆ ಮಾತ್ರ ಪ್ರವೇಶ. ಮಾರ್ಚ್‌ನಲ್ಲಿ ಶಿಲ್ಲಾಂಗಿನಲ್ಲಿ ಬಾಂಗ್ಲಾದೇಶದೊಡನೆ ಗೋಲಿಲ್ಲದ ಸಮಬಲ. ಜೂನ್‌ನಲ್ಲಿ ಹಾಂಗ್‌ಕಾಂಗಿನಲ್ಲಿ, ಆಟ ಮುಗಿಯುವ ಹೊತ್ತಿಗೆ ಬಿಟ್ಟುಕೊಟ್ಟ ಪೆನಾಲ್ಟಿಯಿಂದ 0-1 ಸೋಲು. ಅಕ್ಟೋಬರ್ 9ರಂದು ಸಿಂಗಪುರದಲ್ಲಿ ಕೊನೆಯ ಗಳಿಗೆಯ ಗೋಲಿನಿಂದ 1-1. ಅಕ್ಟೋಬರ್ 14ರಂದು ಗೋವೆಯ ಮಡಗಾಂವಿನಲ್ಲಿ, ಮೊದಲು ಗೋಲು ಹೊಡೆದದ್ದು ನಮ್ಮವರೇ ಆದರೂ ಕಡೆಗೆ 1-2. ನಾಲ್ಕು ಪಂದ್ಯ, ಎರಡು ಅಂಕ. ಹಿಂದಿನ ಎರಡು ಏಷ್ಯಾ ಕಪ್‌ಗಳಲ್ಲಿ ಆಡಿದ್ದ ತಂಡ ಹೊರಬಿದ್ದಿತು. ಆ ಮೇಲೆ ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಎದುರು ಕೂಡ ಸೋತಿತು, ಅದೂ 22 ವರ್ಷಗಳ ತರುವಾಯ.

ಹುಡುಗನನ್ನು ಕರೆಸಿ ಕೂರಿಸಿಕೊಂಡೆವು. ತಲೆ ತಗ್ಗಿಸಿದ್ದನಾದರೂ ಮಾತು ತಗ್ಗಲಿಲ್ಲ. “ದೇಶದ ಮೇಲಿನ ಪ್ರೀತಿಗೇ ಬರೆದದ್ದು ಫಾದರ್. 2023ರಲ್ಲಿ ಕಂಠೀರವದಲ್ಲಿ ಕುವೈತನ್ನ ನಾವು ಸೋಲಿಸಿದಾಗ ರಾತ್ರಿಯೆಲ್ಲ ಕುಣಿದವನು ನಾನು. ಈಗ ಇವರು ಸಿಂಗಪುರಕ್ಕೂ ಸೋತು ಬಂದರಲ್ಲ!”

ವಾಚಕರು ಈ ಎರಡು ವಾಕ್ಯಗಳನ್ನು ಮತ್ತೊಮ್ಮೆ ಓದಬೇಕು. ಕಂಠೀರವದಲ್ಲಿ ಗೆದ್ದವರು ‘ನಾವು’, ಮಡಗಾಂವಿನಲ್ಲಿ ಸೋತವರು ‘ಇವರು’. ಉತ್ತಮ ಪುರುಷ ಹೋಗಿ ಪ್ರಥಮ ಪುರುಷ ಬಂದದ್ದು ಅವನ ಗಮನಕ್ಕೂ ಬಂದಿರಲಿಲ್ಲ. ತಂದೆಯಾದವನು ಮಗ ಪಾಸಾದರೆ ‘ನಮ್ಮ ಹುಡುಗ’ ಎನ್ನುತ್ತಾನೆ, ಫೇಲಾದರೆ ಹೆಂಡತಿಯ ಕಡೆ ತಿರುಗಿ ‘ನಿನ್ನ ಮಗ’ ಎನ್ನುತ್ತಾನೆ. ಅದೇ ವ್ಯಾಕರಣ ಇದು. (ಈ ಅಂಕಣದಲ್ಲಿ ಒಬ್ಬರೇ ಕುಳಿತು ‘ನಾವು’ ಎಂದು ಬರೆಯುವ ನಮಗೆ ಆ ಪದದ ಮೇಲೆ ಪಾಠ ಹೇಳುವ ಅಧಿಕಾರ ಎಷ್ಟಿದೆಯೋ!)

ಹುಡುಗನನ್ನು ಗದರಿಸಲು ಬಾಯಿ ತೆರೆದವರಿಗೆ ನಮ್ಮದೇ ಒಂದು ರಾತ್ರಿ ನೆನಪಾಯಿತು. 1996ರ ಮಾರ್ಚ್ 13. ಆಗ ನಾವು ಸೆಮಿನರಿಯಲ್ಲಿ ತತ್ವಶಾಸ್ತ್ರದ ವಿದ್ಯಾರ್ಥಿ. ನಾಲ್ಕು ದಿನ ಮೊದಲಷ್ಟೇ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತದ ಕ್ರಿಕೆಟ್ ತಂಡ ವಿಶ್ವಕಪ್ಪಿನ ಕ್ವಾರ್ಟರ್ ಫೈನಲಿನಲ್ಲಿ ಪಾಕಿಸ್ತಾನವನ್ನು ಮಣಿಸಿತ್ತು. ಆ ರಾತ್ರಿ ಕಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಶ್ರೀಲಂಕಾದ ಎದುರು ಸೆಮಿಫೈನಲ್. 251 ರನ್ನುಗಳ ಬೆನ್ನು ಹತ್ತಿದ ಭಾರತ ಒಂದು ವಿಕೆಟ್ಟಿಗೆ 98 ಇದ್ದದ್ದು, ನೋಡನೋಡುತ್ತ ಎಂಟು ವಿಕೆಟ್ಟಿಗೆ 120 ಆಯಿತು. ಜನ ಬಾಟಲಿ ಎಸೆದರು, ಗ್ಯಾಲರಿಯಲ್ಲಿ ಬೆಂಕಿ ಹಚ್ಚಿದರು. ಆಟ ನಿಂತು ಪಂದ್ಯವನ್ನು ಶ್ರೀಲಂಕಾಕ್ಕೆ ಕೊಡಲಾಯಿತು. ವಿನೋದ್ ಕಾಂಬ್ಳಿ ಅಳುತ್ತ ಹೊರನಡೆದದ್ದನ್ನು ದೇಶವೆಲ್ಲ ಕಂಡಿತು.

ನಮ್ಮ ಟಿ.ವಿ. ಕೋಣೆಯಲ್ಲಿ ಬಾಟಲಿ ಇರಲಿಲ್ಲ, ಬೆಂಕಿಯೂ ಇರಲಿಲ್ಲ. ಮಾತು ಇತ್ತು. ಟಾಸ್ ಗೆದ್ದು ಎದುರಾಳಿಗೆ ಬ್ಯಾಟು ಕೊಟ್ಟ ನಾಯಕ ಅಜರುದ್ದೀನರ ಮೇಲೆ ಮೊದಲು ಆಟದ ಟೀಕೆ ಬಂದಿತು. ಆಮೇಲೆ ಅವರ ಧರ್ಮದ ಮಾತು ಬಂದಿತು. ಅದನ್ನು ಆಡಿದವರು ನಾವಲ್ಲ. ಆದರೆ ಅದು ಕೇಳಿಸಿದಾಗ ಸುಮ್ಮನೆ ಕುಳಿತವರು ನಾವು. ಒಂದಿಬ್ಬರು ನಕ್ಕಾಗ ಅವರೊಡನೆ ತುಟಿ ಅಗಲಿಸಿದವರೂ ನಾವು. ಅಲ್ಪಸಂಖ್ಯಾತರಾಗಿ ಹುಟ್ಟಿ, ಅಂಥ ಮಾತಿನ ಇರಿತ ಏನೆಂದು ಬಲ್ಲವರು! ಮುಂದೆ 2021ರಲ್ಲಿ ಪಾಕಿಸ್ತಾನದ ಎದುರು ಸೋತಾಗ ಮೊಹಮ್ಮದ್ ಶಮಿಯವರ ಮೇಲೆ ಅದೇ ಬಗೆಯ ಮಾತುಗಳು ಸುರಿದುದನ್ನು ಓದಿದಾಗ, ನಮಗೆ ಆ ಕೋಣೆಯ ಟ್ಯೂಬ್‌ಲೈಟು ಕಣ್ಣ ಮುಂದೆ ಬಂದಿತ್ತು. ಸೋಲಿನ ಕೋಪ ಮೊದಲು ಆಟವನ್ನು ಹಿಡಿಯುತ್ತದೆ, ಬಳಿಕ ತಾಯಿಯನ್ನು, ಕಡೆಗೆ ಜಾತಿ ಮತಗಳನ್ನು.

ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಆರನೆಯ ಪುಸ್ತಕದಲ್ಲಿ ಅಲಿಪಿಯುಸ್ ಎಂಬ ಗೆಳೆಯನ ಪ್ರಸಂಗವೊಂದನ್ನು ಹೇಳುತ್ತಾರೆ. ಕಾನೂನು ಕಲಿಯಲು ರೋಮಿಗೆ ಹೋದ ಈತನಿಗೆ ಮನುಷ್ಯರು ಮನುಷ್ಯರನ್ನು ಕೊಲ್ಲುವ ಅಖಾಡದ ಆಟವೆಂದರೆ ಅಸಹ್ಯ. ಗೆಳೆಯರು ಬಲವಂತವಾಗಿ ಎಳೆದೊಯ್ದಾಗ ಅವನು ಕಣ್ಣು ಮುಚ್ಚಿ ಕುಳಿತನು. ಕಿವಿ ಮುಚ್ಚಿಕೊಳ್ಳಲಿಲ್ಲ. ಜನಸ್ತೋಮ ಒಮ್ಮೆಲೇ ಅಬ್ಬರಿಸಿತು. ಕುತೂಹಲ ತಡೆಯದೆ ಕಣ್ಣು ತೆರೆದನು. ರಕ್ತ ಕಂಡನು, ಮತ್ತೆ ಕಣ್ಣು ತೆಗೆಯಲಾರದೆ ಹೋದನು. ಬಂದಾಗ ಇದ್ದವನು ಅವನಾಗಿ ಉಳಿಯದೆ, ಆ ಗುಂಪಿನಲ್ಲಿ ಒಬ್ಬನಾಗಿ ಹೋದನೆಂಬುದು ಸಂತರ ವ್ಯಥೆ. ನಮ್ಮ ಹುಡುಗನೂ ಹೇಳಿದ್ದು ಅದನ್ನೇ: “ಎಲ್ಲರೂ ಬರೀತಿದ್ದರು ಫಾದರ್.” ರೋಮಿನ ಅಖಾಡಕ್ಕೆ ನಡೆದುಕೊಂಡಾದರೂ ಹೋಗಬೇಕಿತ್ತು. ಈಗ ಹೊಗೆಸೊಪ್ಪಿನ ಬ್ಯಾರನ್ನಿನ ಪಕ್ಕದಲ್ಲಿ ಒಬ್ಬನೇ ಕುಳಿತವನಿಗೂ ಆ ಅಬ್ಬರ ಕೇಳಿಸುತ್ತದೆ.

ಇಷ್ಟರಿಂದ ಅಭಿಮಾನಿಗಳ ಕೋಪವೆಲ್ಲ ಪಾಪವೆಂದು ನಾವು ಹೇಳುತ್ತಿದ್ದೇವೆಂದು ಯಾರೂ ತಿಳಿಯಬಾರದು. ಕೋಪಗೊಳ್ಳುವುದು ಯಾರಿಗಾದರೂ ಸುಲಭ. ತಕ್ಕವನ ಮೇಲೆ, ತಕ್ಕಷ್ಟು, ತಕ್ಕ ಕಾರಣಕ್ಕೆ ಕೋಪಗೊಳ್ಳುವುದು ಕಷ್ಟವೆಂಬ ಅರ್ಥದ ಮಾತನ್ನು ಅರಿಸ್ಟಾಟಲನು ಹೇಳಿದ್ದಾನೆ. ಸಂತ ಥಾಮಸ್ ಅಕ್ವಿನಾಸರೂ ನ್ಯಾಯವಾದ ಕೋಪವನ್ನು ತಳ್ಳಿಹಾಕುವುದಿಲ್ಲ. ಭಾರತದ ಫುಟ್‌ಬಾಲಿನ ವಿಷಯದಲ್ಲಿ ನ್ಯಾಯವಾದ ಕೋಪಕ್ಕೆ ಕಾರಣಗಳು ಬೇಕಾದಷ್ಟಿವೆ. 2022ರ ಆಗಸ್ಟ್‌ನಲ್ಲಿ, ಆಡಳಿತದಲ್ಲಿ ಹೊರಗಿನವರ ಹಸ್ತಕ್ಷೇಪವಿದೆಯೆಂದು ವಿಶ್ವ ಸಂಸ್ಥೆಯಾದ ಫಿಫಾ ನಮ್ಮ ಅಖಿಲ ಭಾರತ ಫೆಡರೇಶನ್ನನ್ನು ಕೆಲವು ದಿನ ಅಮಾನತಿನಲ್ಲಿಟ್ಟಿತ್ತು. 2024ರ ಜೂನ್‌ನಿಂದ 2025ರ ಆಗಸ್ಟ್‌ನೊಳಗೆ ತಂಡ ಮೂವರು ತರಬೇತುದಾರರನ್ನು ಕಂಡಿತು. 2024ರ ಜೂನ್‌ನಲ್ಲಿ ನಿವೃತ್ತರಾದ ಸುನಿಲ್ ಛೆಟ್ರಿಯವರನ್ನು, ಗೋಲು ಹೊಡೆಯುವವರು ಬೇರಾರೂ ಸಿಗದೆ, ಮರುವರ್ಷ 40 ದಾಟಿದ ವಯಸ್ಸಿನಲ್ಲಿ ಮರಳಿ ಕರೆತಂದರು. ಹಣಕಾಸಿನ ಒಪ್ಪಂದ ನವೀಕರಣವಾಗದೆ 2025ರ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗ್ ತಡೆಹಿಡಿಯಲ್ಪಟ್ಟಿತು; ನಮ್ಮ ಬೆಂಗಳೂರು ಎಫ್‌ಸಿ ಕೂಡ ಆಟಗಾರರ ಸಂಬಳವನ್ನು ನಿಲ್ಲಿಸಬೇಕಾಗಿ ಬಂದಿತು. ಮುಂದಿನ ತಿಂಗಳು ಎಲ್ಲಿ ಆಡುವುದೆಂದು ತಿಳಿಯದವರು ಅಕ್ಟೋಬರ್‌ನಲ್ಲಿ ದೇಶಕ್ಕಾಗಿ ಆಡಿದರು.

ಇವುಗಳಲ್ಲಿ ಯಾವುದರ ಬಗ್ಗೆಯಾದರೂ ಒಂದು ಸಾಲು ಬರೆದೆಯಾ ಎಂದು ಹುಡುಗನನ್ನು ಕೇಳಿದೆವು. ಫೆಡರೇಶನ್ನಿನ ಅಧ್ಯಕ್ಷರ ಹೆಸರು ಅವನಿಗೆ ತಿಳಿಯದು. ನಮಗೆ ಆಶ್ಚರ್ಯವಾಗಲಿಲ್ಲ. ಹರಾಜು ಕಟ್ಟೆಯಲ್ಲಿ ಹೊಗೆಸೊಪ್ಪಿಗೆ ದರ ಬೀಳಿಸಿದವನ ಮುಂದೆ ಕೈಕಟ್ಟಿ ನಿಂತು, ಸಂಜೆ ಮನೆಗೆ ಬಂದು ಸಾರಿಗೆ ಉಪ್ಪು ಕಡಿಮೆಯೆಂದು ತಟ್ಟೆ ಎಸೆಯುವ ಗಂಡಸರನ್ನು ನಾವು ಈ ಧರ್ಮಕೇಂದ್ರದಲ್ಲಿಯೇ ಕಂಡಿದ್ದೇವೆ. ಕೋಪ ಹುಟ್ಟಿದ್ದು ಒಂದು ಕಡೆ, ಇಳಿದದ್ದು ಕೈಗೆಟುಕಿದವರ ಮೇಲೆ. ಆಟಗಾರನು ಕೈಗೆಟುಕುತ್ತಾನೆ, ಅವನ ಮುಖ ಗೊತ್ತು, ಅವನು ತಿರುಗಿ ಬೈಯುವುದಿಲ್ಲ. ಹುಡುಗನು ಬಹಳ ಹೊತ್ತು ಮಾತನಾಡಲಿಲ್ಲ. ಅವನ ತಂದೆಯ ಸ್ವಭಾವ ನಮಗೆ ತಿಳಿದಿತ್ತು. ಉದಾಹರಣೆಯನ್ನು ಬೇರೆ ಆರಿಸಬಹುದಿತ್ತೆಂದು ಆಮೇಲೆ ಅನ್ನಿಸಿತು.

ಮಾತು ಬದಲಿಸಲು ಅವನಿಗೊಂದು ಹಳೆಯ ಪಂದ್ಯದ ಕಥೆ ಹೇಳಿದೆವು. 1948ರ ಲಂಡನ್ ಒಲಿಂಪಿಕ್ಸ್, ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್. ಎದುರಾಳಿ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಭಾರತದ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಬೆಂಗಳೂರಿನವರೇ ಆದ ಅಹಮದ್ ಖಾನ್ ಕೂಡ ಆ ತಂಡದಲ್ಲಿದ್ದರು. ಆ ದಿನ ಭಾರತಕ್ಕೆ ಎರಡು ಪೆನಾಲ್ಟಿ ದೊರೆತವು. ಎರಡೂ ವ್ಯರ್ಥವಾದವು. ಪಂದ್ಯ 1-2 ಹೋಯಿತು. ತಪ್ಪಿಸಿದವರಲ್ಲೊಬ್ಬರು ಶೈಲೇನ್ ಮನ್ನಾ. ಮೂರು ವರ್ಷಗಳ ಅನಂತರ, 1951ರಲ್ಲಿ, ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಚಿನ್ನ ಗೆದ್ದಾಗ ತಂಡದ ನಾಯಕರು ಅದೇ ಮನ್ನಾ.

“ಆಗ ಮೊಬೈಲು ಇರಲಿಲ್ಲವಲ್ಲ ಫಾದರ್” ಎಂದು ಅವನು ಮೊದಲ ಸಲ ಸ್ವಲ್ಪ ನಕ್ಕನು. ಇರಲಿಲ್ಲ. ಇದ್ದಿದ್ದರೆ ಮನ್ನಾ ಅವರು 1951ರವರೆಗೆ ಆಡುತ್ತಿದ್ದರೋ ಇಲ್ಲವೋ.

ಛೆಟ್ರಿಯವರು 2018ರ ಜೂನ್ 2ರಂದು ಅಭಿಮಾನಿಗಳಿಗೆ ಮಾಡಿಕೊಂಡ ಮನವಿ ಹಲವರಿಗೆ ನೆನಪಿರಬಹುದು. ಮುಂಬಯಿಯಲ್ಲಿ ಭಾರತ 5-0ಯಿಂದ ಗೆದ್ದ ಪಂದ್ಯಕ್ಕೆ ಮೂರು ಸಾವಿರ ಜನರೂ ಬಂದಿರಲಿಲ್ಲ. ಬೈಯುವುದಾದರೂ ಮೈದಾನಕ್ಕೆ ಬಂದು ಬೈಯಿರಿ, ಟೀಕಿಸುವುದಾದರೂ ಬಂದು ಟೀಕಿಸಿರಿ ಎಂಬುದು ಅವರ ಬೇಡಿಕೆಯ ಸಾರ. ಎರಡು ದಿನಗಳ ಬಳಿಕ ಕೀನ್ಯಾ ಎದುರಿನ ಪಂದ್ಯಕ್ಕೆ ಟಿಕೆಟ್ಟೆಲ್ಲ ಮುಗಿದುಹೋದವು. ಈ ಮನವಿಯಲ್ಲಿ ನಮಗೆ ಮೆಚ್ಚಿಗೆಯಾಗುವುದು ಅದರ ನ್ಯಾಯ. ಹೊಗಳಬೇಕೆಂದು ಅವರು ಕೇಳಲಿಲ್ಲ. ‘ನಾವು’ ಎನ್ನುವ ಹಕ್ಕು ಬೇಕಾದವನು ಸೋಲಿನ ದಿನವೂ ಅಲ್ಲಿರಬೇಕೆಂದರು. ಬೆಂಗಳೂರಿನ ಪಶ್ಚಿಮ ಗ್ಯಾಲರಿಯ ಅಭಿಮಾನಿಗಳಿಗೆ, ಕಲ್ಕತ್ತ, ಕೋಳಿಕ್ಕೋಡಿನ ಜನರಿಗೆ ಆ ಹಕ್ಕಿದೆ; ಅವರು ಮಳೆಯಲ್ಲಿ ನಿಂತವರು. ಅವರು ನೊಂದು ಆಡಿದ ಖಾರದ ಮಾತನ್ನು ನಾವು ತೂಗಲು ಹೋಗುವುದಿಲ್ಲ. ನಮ್ಮ ಹುಡುಗ ಕಂಠೀರವವನ್ನು ಹೊರಗಿನಿಂದಲೂ ಕಂಡವನಲ್ಲ. 2023ರ ಮಾರ್ಚ್‌ನಲ್ಲಿ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದ ಸುದ್ದಿಯೂ ಅವನಿಗೆ ತಲುಪಿರಲಿಲ್ಲ. ಕಾಸರಗೋಡಿನಿಂದಾಚೆಗೆ ವಿಶ್ವಕಪ್ ಬಂದಾಗ ಅರ್ಜೆಂಟೀನ, ಬ್ರೆಜಿಲ್ ಬಾವುಟ ಕಟ್ಟುವವರನ್ನು ನೋಡಿ ನಾವು ನಗುತ್ತೇವೆ. ಅವರಾದರೋ ತಮ್ಮೂರಿನ ಗದ್ದೆಯ ಪಂದ್ಯಕ್ಕೂ ಹೋಗಿ ನಿಲ್ಲುತ್ತಾರೆ.

ಅವನು ಆ ನಾಲ್ಕು ಸಾಲನ್ನು ನಮ್ಮೆದುರಿಗೇ ಅಳಿಸಿದನು. ನಾವು ಅಳಿಸೆಂದು ಹೇಳಿರಲಿಲ್ಲ. ಅಳಿಸಿದ ಮೇಲೆ ಪರದೆಯನ್ನು ಮೇಲೆ ಸರಿಸುತ್ತ, ಅದರ ಕೆಳಗೂ ಮೇಲೂ ಇದ್ದ ಬೇರೆಯವರ ಮಾತುಗಳನ್ನು ತೋರಿಸಿದನು. ಅವು ನೂರಾರಿದ್ದವು. “ಇವನ್ನ ಯಾರು ಅಳಿಸ್ತಾರೆ ಫಾದರ್? ಅವರಮ್ಮ ಓದಿದರೆ?” ಎಂದನು. ನಮ್ಮಲ್ಲಿ ಉತ್ತರವಿರಲಿಲ್ಲ.

ದೇವಾಲಯದ ಹಿಂದಿನ ಬಯಲಿನಲ್ಲಿ ಸಿಲ್ವರ್ ಓಕ್ ಗಳುಗಳಿಂದ ಮಾಡಿದ ಎರಡು ಗೋಲು ಕಂಬಗಳಿವೆ. ಒಂದು ವಾಲಿದೆ. ಧರ್ಮಕೇಂದ್ರದ ಮಕ್ಕಳ ತಂಡಕ್ಕೆ ಆಡಿಸಲು ದೊಡ್ಡವರು ಯಾರೂ ಇಲ್ಲದೆ ಎರಡು ವರ್ಷವಾಯಿತು. ಭಾನುವಾರ ನಾಲ್ಕು ಗಂಟೆಗೆ ಬರುತ್ತೇನೆಂದು ಅವನು ಹೇಳಿದ್ದಾನೆ. ಚೆಂಡಿಗೆ ಗಾಳಿ ಹಾಕಿಸಿಕೊಂಡು ಬಾ ಎಂದು ಅರಕಲಗೂಡಿಗೆ ಕಳುಹಿಸಿದ್ದೇವೆ.