ಫೋನು ಕೊಡಬೇಡಿ, ಸಂಪರ್ಕ ಕೊಡಿ



ನೆರೆಯವನ ಬೋರು ಬತ್ತಿದಾಗ ನಮ್ಮ ಬೋರಿನಿಂದ ಒಂದು ಪೈಪು ಎಳೆದು ಅವನ ಎಳೆಯ ಅಡಿಕೆ ಸಸಿಗಳಿಗೆ ನೀರು ಬಿಡುವುದು ಗುಬ್ಬಿ, ಕುಣಿಗಲ್ ಕಡೆ ಹೊಸ ಸಂಗತಿಯೇನೂ ಅಲ್ಲ. ಹಾಗೆ ನೀರು ಕೊಡುವವನು ಮೋಟಾರು ಮನೆಯ ಬೀಗದ ಕೈ ಕೊಡುವುದಿಲ್ಲ. ಪಡೆಯುವವನೂ ತನ್ನ ಪಹಣಿಯನ್ನು ಅಡವಿಡುವುದಿಲ್ಲ. ಬದು ದಾಟುವುದು ನೀರು ಮಾತ್ರ. ಆದರೆ ಇಂಟರ್ನೆಟ್ಟಿನ ಮಾತು ಬಂದಾಗ ಈ ವಿವೇಕ ನಮ್ಮಲ್ಲಿ ಕಾಣುತ್ತಿಲ್ಲ. ಸಂಪರ್ಕ ಇಲ್ಲದವರು ತಮ್ಮ ಫೋನು, ಆಧಾರ್ ಸಂಖ್ಯೆ, ಪಾಸ್‌ಬುಕ್ಕು ಎಲ್ಲವನ್ನೂ ಪೇಟೆಯ ಯಾವುದೋ ಅಂಗಡಿಯ ಹುಡುಗನ ಕೈಗಿಟ್ಟು, ಬಂದ ಓಟಿಪಿಯನ್ನು ಅಲ್ಲೇ ಗಟ್ಟಿಯಾಗಿ ಓದಿ ಹೇಳುತ್ತಾರೆ. ಈ ಪದ್ಧತಿ ನಿಲ್ಲಬೇಕು ಎಂಬುದೇ ಈ ಲೇಖನದ ಉದ್ದೇಶ.

ನನಗೆ ಈ ಬುದ್ಧಿ ಬಂದದ್ದು ಹೋದ ಮುಂಗಾರಿನಲ್ಲಿ. ಹವಾಮಾನ ಆಧಾರಿತ ಬೆಳೆ ವಿಮೆಗೆ ಅರ್ಜಿ ಹಾಕಲು ಅಂದೇ ಕಡೆಯ ದಿನ. ಬೆಳಿಗ್ಗೆಯೇ ರಸ್ತೆ ಅಗೆಯುವವರು ಕಚೇರಿಯ ಇಂಟರ್ನೆಟ್ ತಂತಿಯನ್ನು ಕತ್ತರಿಸಿದ್ದರು. ದೂರು ಕೊಟ್ಟರೆ ‘ನಾಳೆ ಬರುತ್ತೇವೆ’ ಎಂಬ ಉತ್ತರ ಬಂತು. ಮಧ್ಯಾಹ್ನದ ಹೊತ್ತಿಗೆ ಕರೆಂಟೂ ಹೋಯಿತು. ಹಳೆಯ ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇತ್ತು, ಆದರೆ ಅದರ ವೈಫೈ ಕೆಟ್ಟು ವರ್ಷವಾಗಿತ್ತು. ನನ್ನ ಫೋನಿನಲ್ಲಿ ಉಳಿದಿದ್ದದ್ದು ಕಾಲು ಭಾಗ ಚಾರ್ಜು. ಹೊರಗೆ ಬೆಂಚಿನ ಮೇಲೆ ಹನ್ನೊಂದು ಮಂದಿ ಸದಸ್ಯರು ಕುಳಿತಿದ್ದರು. ಕಳೆದ ಬಾರಿ ಮಳೆ ಹೆಚ್ಚಾಗಿ ಕೊಳೆ ರೋಗದಿಂದ ಅರ್ಧ ಫಸಲು ಕಳೆದುಕೊಂಡವರೂ ಅವರಲ್ಲಿದ್ದರು.

ತಂದೆಯ ಜೊತೆ ಬಂದಿದ್ದ ಕಾಲೇಜು ಹುಡುಗನೊಬ್ಬ, “ಬ್ಲೂಟೂತಲ್ಲಿ ನೆಟ್ ಕೊಡಬಹುದು ಸಾರ್, ಬ್ಯಾಟರಿನೂ ಜಾಸ್ತಿ ತಿನ್ನಲ್ಲ” ಅಂದ. ಬ್ಲೂಟೂತ್ ಎಂದರೆ ಹಾಡು ಕೇಳುವುದಕ್ಕೆ, ಫೋಟೊ ಕಳಿಸುವುದಕ್ಕೆ ಎಂದಷ್ಟೇ ನಾನು ತಿಳಿದಿದ್ದೆ. ಐದು ನಿಮಿಷದಲ್ಲಿ ನನ್ನ ಫೋನಿನ ಸಂಪರ್ಕ ಲ್ಯಾಪ್‌ಟಾಪಿಗೆ ಬಂತು. ನಿಧಾನವಾಗಿಯೇ ಆದರೂ ಸಂಜೆಯೊಳಗೆ ಹನ್ನೊಂದು ಅರ್ಜಿಗಳೂ ಹೋದವು. ಪ್ರತಿಯೊಬ್ಬರ ಓಟಿಪಿಯೂ ಅವರವರ ಫೋನಿಗೇ ಬಂತು. ಅವರವರೇ ಕೀಲಿಮಣೆಯ ಮೇಲೆ ಒತ್ತಿದರು.

ಇದರ ಮರ್ಮ ಸರಳವಾಗಿದೆ. ಫೋನು ಮೊಬೈಲ್ ಗೋಪುರದಿಂದ ಪಡೆದ ಸಂಪರ್ಕವನ್ನು ಪಕ್ಕದ ಯಂತ್ರಕ್ಕೆ ಮೂರು ದಾರಿಯಲ್ಲಿ ದಾಟಿಸಬಲ್ಲದು: ಯುಎಸ್‌ಬಿ ತಂತಿ, ವೈಫೈ ಹಾಟ್‌ಸ್ಪಾಟ್, ಬ್ಲೂಟೂತ್. ತಂತಿಯಲ್ಲಿ ವೇಗವೂ ಉಂಟು, ಫೋನು ಚಾರ್ಜೂ ಆಗುತ್ತದೆ. ಕಚೇರಿಯ ಮೇಜಿಗೆ ಅದೇ ಸರಿ. ವೈಫೈ ವೇಗವಾದದ್ದು, ದೂರಕ್ಕೂ ತಲುಪುತ್ತದೆ. ಆದರೆ ಬ್ಯಾಟರಿಯನ್ನು ಬೇಗ ಮುಗಿಸುತ್ತದೆ. ಬ್ಲೂಟೂತಿನ ವ್ಯಾಪ್ತಿ ಸುಮಾರು 10 ಮೀಟರು. ವೇಗ ಸೆಕೆಂಡಿಗೆ ಒಂದೆರಡು ಮೆಗಾಬಿಟ್ಟು. ಸಿನಿಮಾ ನೋಡಲು ಸಾಲದು. ಆದರೆ ನಮಗೆ ಬೇಕಾದದ್ದೇನು? ಪಹಣಿ ನೋಡಬೇಕು. ಕೃಷಿ ಮಾರಾಟ ವಾಹಿನಿಯಲ್ಲಿ ಅಡಿಕೆ ಧಾರಣೆ ನೋಡಬೇಕು. ಅಡಿಕೆ ನಡುವೆ ಕಾಫಿ ಇಟ್ಟವರಿಗೆ ಲಂಡನ್ನಿನ ರೊಬಸ್ಟಾ, ನ್ಯೂಯಾರ್ಕಿನ ಅರೇಬಿಕಾ ದರ ತಿಳಿಯಬೇಕು. ಇವೆಲ್ಲ ಅಕ್ಷರ, ಅಂಕಿಗಳ ಕೆಲಸ. ಇದಕ್ಕೆ ಬ್ಲೂಟೂತು ಧಾರಾಳವಾಗಿ ಸಾಕು.

‘ನನ್ನ ಡೇಟಾ ಖರ್ಚಾಗುವುದಿಲ್ಲವೇ?’ ಎಂದು ಕೇಳುವವರಿದ್ದಾರೆ. ಖರ್ಚಾಗುತ್ತದೆ, ನಿಜ. ಆದರೆ ನಮ್ಮಲ್ಲಿ ಹೆಚ್ಚಿನವರದು ದಿನಕ್ಕೆ ಇಷ್ಟು ಜಿಬಿ ಎಂಬ ಲೆಕ್ಕದ ಪ್ಯಾಕು. ಮಧ್ಯರಾತ್ರಿಗೆ ಉಳಿದದ್ದು ನಾಳೆಗೆ ಬರುವುದಿಲ್ಲ. ಕಟ್ಟೆಯಿಲ್ಲದ ಹಳ್ಳದ ನೀರಿನಂತೆ ಹರಿದು ಹೋಗುತ್ತದೆ. ಜೊತೆಗೆ ಬ್ಲೂಟೂತಿನ ನಿಧಾನವೇ ಒಂದು ಕಾವಲು: ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ 1.5 ಜಿಬಿ ಮುಗಿಯಬೇಕಾದರೆ ಎಡೆಬಿಡದೆ 3 ಗಂಟೆಗೂ ಹೆಚ್ಚು ಕಾಲ ಬೇಕು. ಒಂದು ಅರ್ಜಿ ತುಂಬಿಸಿದ ಮಾತ್ರಕ್ಕೆ ಯಾರ ಪ್ಯಾಕೂ ಬರಿದಾಗದು.

ಇನ್ನು ಪಡೆಯುವವರ ಕಡೆ ನೋಡೋಣ. ವಯಸ್ಸಾದ ಎಷ್ಟೋ ಸದಸ್ಯರಿಗೆ ತಿಂಗಳು ತಿಂಗಳು ಡೇಟಾ ಬೇಕಿಲ್ಲ. ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕನ್ನೂ ಕೊಡಬೇಕೆಂದು ಟ್ರಾಯ್ ಸಂಸ್ಥೆ 2024ರ ಡಿಸೆಂಬರಿನಲ್ಲಿ ಕಂಪನಿಗಳಿಗೆ ಕಟ್ಟುಮಾಡಿತು. ಅಂಥ ಪ್ಯಾಕು ಹಾಕಿಸಿಕೊಂಡವರಿಗೆ ಓಟಿಪಿ ತಪ್ಪದೆ ಬರುತ್ತದೆ. ಕೊರತೆ ಡೇಟಾದ್ದು ಮಾತ್ರ. ಅದನ್ನು ಪಕ್ಕದ ಮನೆಯವರು ಹತ್ತು ನಿಮಿಷ ಕೊಟ್ಟರೆ, ಆ ಹಿರಿಯರು ಸ್ವಂತ ಫೋನಿನಲ್ಲಿ, ಸ್ವಂತ ಕಣ್ಣೆದುರಿಗೆ ತಮ್ಮ ಕೆಲಸ ಮುಗಿಸಿಕೊಳ್ಳಬಹುದು.

ಇಲ್ಲವಾದರೆ ಏನಾಗುತ್ತದೆ? ಕುಣಿಗಲ್ ಕಡೆಯ ನಮ್ಮ ಹಿರಿಯ ಸದಸ್ಯರೊಬ್ಬರು ಸಹಾಯಧನದ ಅರ್ಜಿಗೆಂದು ಫೋನನ್ನು ಬೇರೊಬ್ಬರ ಕೈಗೆ ಕೊಟ್ಟರು. ಅರ್ಜಿ ಹೋಯಿತೋ ಇಲ್ಲವೋ, ಅಡಿಕೆ ಮಾರಿದ ಹಣವಂತೂ ಖಾತೆಯಿಂದ ಹೋಯಿತು. ಅವರು ಕಚೇರಿಗೆ ಬಂದು, “ಓದೋಕೆ ಬರಲ್ಲ ಅಂತ ಕೊಟ್ಟಿದ್ದಲ್ಲ ಸ್ವಾಮಿ, ನನ್ನ ಫೋನಲ್ಲಿ ನೆಟ್ ಇರಲಿಲ್ಲ ಅಂತ ಕೊಟ್ಟೆ” ಎಂದಾಗ ನನಗೆ ಉತ್ತರ ಹೊಳೆಯಲಿಲ್ಲ. ಇಂಥ ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕೆಂಬುದನ್ನು ಸದಸ್ಯರು ನೆನಪಿಡತಕ್ಕದ್ದು.

ಮಾಡುವ ಕ್ರಮ ಹೀಗಿದೆ. ಮೊದಲು ಎರಡೂ ಯಂತ್ರಗಳಲ್ಲಿ ಬ್ಲೂಟೂತ್ ಹಾಕಿ ಜೋಡಿಸಿ. ಎರಡರಲ್ಲೂ ಒಂದೇ ಸಂಖ್ಯೆ ಕಂಡರೆ ಮಾತ್ರ ಒಪ್ಪಿಗೆ ಕೊಡಿ. ಕೊಡುವ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಮತ್ತು ಟೆದರಿಂಗ್ ಎಂಬಲ್ಲಿಗೆ ಹೋಗಿ ‘ಬ್ಲೂಟೂತ್ ಟೆದರಿಂಗ್’ ಹಾಕಿ. ಪಡೆಯುವ ಫೋನಿನಲ್ಲಿ, ಜೋಡಿಸಿದ ಹೆಸರಿನ ಪಕ್ಕದ ಚಿಹ್ನೆ ಒತ್ತಿ ‘ಇಂಟರ್ನೆಟ್ ಆಕ್ಸೆಸ್’ ಹಾಕಿ. ವಿಂಡೋಸ್ ಕಂಪ್ಯೂಟರಾದರೆ ಬ್ಲೂಟೂತ್ ಚಿಹ್ನೆಯ ಮೇಲೆ ಬಲಗುಂಡಿ ಒತ್ತಿ ‘ಪರ್ಸನಲ್ ಏರಿಯಾ ನೆಟ್‌ವರ್ಕ್’ ಸೇರಿ, ಫೋನನ್ನು ‘ಆಕ್ಸೆಸ್ ಪಾಯಿಂಟ್’ ಎಂದು ಆರಿಸಬೇಕು. ಪದಗಳು ಫೋನಿನಿಂದ ಫೋನಿಗೆ ಸ್ವಲ್ಪ ಬೇರೆಯಾಗಬಹುದು. ಮನೆಯ ಮಕ್ಕಳನ್ನು ಕೇಳಲು ಸಂಕೋಚ ಬೇಡ.

ಎಚ್ಚರವೂ ಬೇಕು. ಸಂಪರ್ಕ ಹಂಚಿದ ಮಾತ್ರಕ್ಕೆ ನಿಮ್ಮ ಫೋಟೊ, ಬ್ಯಾಂಕು ಲೆಕ್ಕ ಪಕ್ಕದವರಿಗೆ ಕಾಣುವುದಿಲ್ಲ. ಆದರೆ ಜೋಡಿಸುವಾಗ ‘ಕಾಂಟ್ಯಾಕ್ಟ್ಸ್’ ನೋಡಲು ಅನುಮತಿ ಕೇಳಿದರೆ ಕೊಡಬೇಡಿ. ನಿಮ್ಮ ಸಂಪರ್ಕದಲ್ಲಿ ನಡೆದದ್ದು ನಿಮ್ಮ ಸಂಖ್ಯೆಯ ಲೆಕ್ಕಕ್ಕೇ ಬರುವುದರಿಂದ, ಬಸ್ ನಿಲ್ದಾಣದಲ್ಲಿ ಸಿಕ್ಕ ಅಪರಿಚಿತರಿಗೆ ಕೊಡುವುದು ತರವಲ್ಲ. ಕೆಲಸ ಮುಗಿದೊಡನೆ ಟೆದರಿಂಗ್ ಆರಿಸಿಬಿಡಿ.

ಈ ಬ್ಲೂಟೂತಿನ ಹುಟ್ಟಿನಲ್ಲೇ ನಮಗೊಂದು ಪಾಠವಿದೆ. 1998ರಲ್ಲಿ ಎರಿಕ್ಸನ್, ನೋಕಿಯಾ, ಇಂಟೆಲ್, ಐಬಿಎಂ, ತೋಷಿಬಾ ಎಂಬ ಐದು ಕಂಪನಿಗಳು ಒಂದು ಕೂಟ ಕಟ್ಟಿ ಇದನ್ನು ಬೆಳೆಸಿದವು. ಅವುಗಳಲ್ಲೇ ಪೈಪೋಟಿಯಿದ್ದವೂ ಇದ್ದವು. ಹೆಸರು ಡೆನ್ಮಾರ್ಕ್, ನಾರ್ವೆಗಳನ್ನು ಒಂದುಗೂಡಿಸಿದನೆನ್ನುವ ಹತ್ತನೆಯ ಶತಮಾನದ ಅರಸನದು. ನಮ್ಮ ನಾಡಿಗೆ ಇಂಥ ಕೂಟ ಹೊಸದಲ್ಲ. 1905ರಲ್ಲೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ, ರೈತನು ಸಾಲಕ್ಕಾಗಿ ಸಾಹುಕಾರನ ಮುಂದೆ ಕೈಕಟ್ಟಿ ನಿಲ್ಲಬಾರದು ಎಂಬುದೇ ಅದರ ತಿರುಳಾಗಿತ್ತು. ಇಂದು ಸಂಪರ್ಕಕ್ಕಾಗಿ ಪರರ ಮುಂದೆ ಓಟಿಪಿ ಹಿಡಿದು ನಿಲ್ಲಬಾರದು.

ಆದ್ದರಿಂದ ನನ್ನ ಸಲಹೆಯಿಷ್ಟೇ: ಪ್ರತಿ ಊರಿನಲ್ಲಿ ಇಬ್ಬರಾದರೂ ಸದಸ್ಯರು ಈ ಕ್ರಮವನ್ನು ಕಲಿತು ನೆರೆಯವರಿಗೆ ನೆರವಾಗಲಿ. ಸಂಘದ ಕಚೇರಿಗೆ ಬಂದವರಿಗೆ ನನ್ನ ಫೋನಿನ ಸಂಪರ್ಕ ಸದಾ ಲಭ್ಯ. ಫೋನು ಮಾತ್ರ ನನ್ನ ಜೇಬಿನಲ್ಲೇ ಇರುತ್ತದೆ. ನಿಮ್ಮದೂ ನಿಮ್ಮ ಜೇಬಿನಲ್ಲೇ ಇರಲಿ.

ಇಂತು ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ