ಫಿಲ್‌ನ ಪೆದ್ದುತನ, ಗ್ಲೋರಿಯಾಳ ದೇಶ

ಹಾಸ್ಯಕ್ಕೆ ಪಡಿಯಚ್ಚಿನ ಪಾತ್ರಗಳು ಅನಿವಾರ್ಯ ಎಂಬ ಮಾತನ್ನು ಸಾಹಿತ್ಯ ಓದಿದವರೇ ಹೆಚ್ಚು ಧೈರ್ಯದಿಂದ ಹೇಳುತ್ತಾರೆ. ಇ. ಎಂ. ಫಾರ್ಸ್ಟರ್ 1927ರಷ್ಟು ಹಿಂದೆಯೇ ಪಾತ್ರಗಳನ್ನು ಚಪ್ಪಟೆ ಮತ್ತು ದುಂಡು ಎಂದು ವಿಂಗಡಿಸಿ, ನಗೆಗೆ ಚಪ್ಪಟೆ ಪಾತ್ರಗಳೇ ಒದಗಿಬರುತ್ತವೆ ಎಂದದ್ದು ಅವರ ಬೆನ್ನಿಗಿದೆ. ಅಮೆರಿಕದ ಟೆಲಿವಿಷನ್ ಹಾಸ್ಯಗಳಲ್ಲಿ ಬರುವ ಹಿಸ್ಪಾನಿಕ್ ಕುಟುಂಬಗಳ ಬಗ್ಗೆ ಯಾರಾದರೂ ಆಕ್ಷೇಪವೆತ್ತಿದರೆ ಈ ವಾದ ಕೂಡಲೇ ಮುಂದೆ ಬರುತ್ತದೆ: ಎಲ್ಲರನ್ನೂ ಗೇಲಿ ಮಾಡಿದ್ದಾರಲ್ಲ, ಅವರೊಬ್ಬರಿಗೇ ಏಕೆ ನೋವು? ಈ ವಾದ ಕೇಳಲು ನ್ಯಾಯವಾಗಿದೆ, ಒಳಗೆ ಪೊಳ್ಳಾಗಿದೆ. ಎಲ್ಲರನ್ನೂ ಗೇಲಿ ಮಾಡಿದ್ದು ನಿಜ. ಆದರೆ ಯಾರ ಓರೆಕೋರೆಯನ್ನು ಯಾರ ಖಾತೆಗೆ ಬರೆದಿದ್ದಾರೆ ಎಂಬುದನ್ನು ನೋಡದೆ ಲೆಕ್ಕ ಮುಗಿಸುವಂತಿಲ್ಲ.

'ಮಾಡರ್ನ್ ಫ್ಯಾಮಿಲಿ'ಯನ್ನೇ ತೆಗೆದುಕೊಳ್ಳಿ. 2009ರಿಂದ 2020ರವರೆಗೆ 250 ಕಂತುಗಳಷ್ಟು ನಡೆದ, ಸತತ ಐದು ವರ್ಷ ಶ್ರೇಷ್ಠ ಹಾಸ್ಯ ಸರಣಿಯೆಂದು ಎಮ್ಮಿ ಪಡೆದ ಧಾರಾವಾಹಿ ಅದು. ಅದರಲ್ಲಿ ಮನೆ ಮಾರಿಕೊಡುವ ದಲ್ಲಾಳಿ ಫಿಲ್ ಒಬ್ಬ ಪೆದ್ದ. ಇಂದ್ರಜಾಲ ಮಾಡುತ್ತಾನೆ, ಎಡವುತ್ತಾನೆ, ಮಕ್ಕಳ ಮುಂದೆ ನಗೆಪಾಟಲಾಗುತ್ತಾನೆ. ಅವನನ್ನು ಕಂಡು ಬಿಳಿಯ ಅಮೆರಿಕನ್ನರೆಲ್ಲ ಹೀಗೆಯೇ ಎಂದು ಯಾರೂ ತೀರ್ಮಾನಿಸುವುದಿಲ್ಲ. ಅವನ ಪೆದ್ದುತನ ಅವನ ಸ್ವಂತ ಆಸ್ತಿ. ಅದೇ ಕುಟುಂಬಕ್ಕೆ ಮದುವೆಯಾಗಿ ಬಂದ ಕೊಲಂಬಿಯಾದ ಗ್ಲೋರಿಯಾ ಕೂಗಿ ಮಾತನಾಡಿದರೆ, ಬಿಗಿಯುಡುಪು ತೊಟ್ಟರೆ, ಸಿಟ್ಟಾದರೆ, ಅದು ಅವಳ ದೇಶದ ಗುಣ. ಅವಳ ಊರಿನ ಪ್ರಸ್ತಾಪ ಬಂದಾಗಲೆಲ್ಲ ಕೊಲೆ, ಬಂದೂಕುಗಳ ನಗೆಹನಿ ಹಿಂಬಾಲಿಸುತ್ತದೆ. ಅವಳು 'ಬೇಬಿ ಚೀಸಸ್' ತರಿಸಲು ಹೇಳಿದರೆ, ಕೇಳಿಸಿಕೊಂಡವರಿಗೆ ಅದು 'ಬೇಬಿ ಜೀಸಸ್' ಆಗಿ, ಪೆಟ್ಟಿಗೆ ತುಂಬ ಯೇಸುವಿನ ಪುಟ್ಟ ಬೊಂಬೆಗಳು ಬಂದಿಳಿಯುತ್ತವೆ. ಫಿಲ್ ಎಡವಿದಾಗ ನಾವು ನಗುವುದು ಫಿಲ್‌ನನ್ನು ನೋಡಿ. ಗ್ಲೋರಿಯಾ ಎಡವಿದಾಗ ನಗುವುದು ಅವಳ ನಾಲಗೆಯನ್ನು, ಅದರ ಹಿಂದಿರುವ ಒಂದಿಡೀ ಖಂಡವನ್ನು ನೋಡಿ.

ಇದಕ್ಕೆ ಬಲವಾದ ಪ್ರತಿವಾದ ಆ ಪಾತ್ರ ವಹಿಸಿದ ನಟಿಯದೇ. ಸೋಫಿಯಾ ವೆರ್ಗಾರಾ ಹುಟ್ಟಿದ್ದು ಕೊಲಂಬಿಯಾದ ಬರಾಂಕಿಯಾದಲ್ಲಿ; ಗ್ಲೋರಿಯಾ ತನ್ನ ತಾಯಿಯನ್ನೂ ಮನೆಯ ಹೆಂಗಸರನ್ನೂ ಹೋಲುತ್ತಾಳೆ, ಇದರಲ್ಲಿ ತಪ್ಪೇನು ಎಂದು ಆಕೆ ಕೇಳಿದ್ದುಂಟು. ಅಂಥ ತಾಯಂದಿರು ಇದ್ದಾರೆ; ಅವರ ದನಿ, ಅವರ ಠೀವಿ ತೆರೆಯ ಮೇಲೆ ಬರುವುದಕ್ಕೆ ಯಾರ ಅಭ್ಯಂತರವೂ ಬೇಕಿಲ್ಲ. ಆದರೆ ಆ ಮನೆಯಲ್ಲಿ ಗ್ಲೋರಿಯಾಳ ಗಂಡ ವರ್ಷಗಟ್ಟಲೆ ಸ್ಪ್ಯಾನಿಷ್ ಕಲಿಯುವ ಗೋಜಿಗೆ ಹೆಚ್ಚೇನೂ ಹೋಗುವುದಿಲ್ಲ ಎಂಬುದು ನಗೆಯ ವಸ್ತುವಾಗದೆ, ಅವಳ ಇಂಗ್ಲಿಷ್ ಮಾತ್ರ ವಸ್ತುವಾಗುವುದೇಕೆ? ತನ್ನ ಭಾಷೆಯಲ್ಲಿ ತಾನೆಷ್ಟು ಜಾಣೆ ಎಂಬುದು ನಿಮಗೆ ಗೊತ್ತೇ ಎಂದು ಗ್ಲೋರಿಯಾ ಒಂದು ಕಂತಿನಲ್ಲಿ ಕೇಳುತ್ತಾಳೆ. ಅಂದರೆ ಬರೆದವರಿಗೆ ಅನ್ಯಾಯ ತಿಳಿದಿತ್ತು. ತಿಳಿದೂ, ಮರುವಾರ ಅದೇ ಉಚ್ಚಾರದಿಂದ ನಗೆ ಹಿಂಡಿದರು.

'ಹಿಸ್ಪಾನಿಕ್' ಎಂಬ ಪದವೇ ಈ ಖಾತೆ ಬದಲಾವಣೆಗೆ ಅನುಕೂಲ ಮಾಡಿಕೊಡುತ್ತದೆ. 2020ರ ಅಮೆರಿಕದ ಜನಗಣತಿಯಲ್ಲಿ 6 ಕೋಟಿ 21 ಲಕ್ಷ ಜನ ಈ ಹೆಸರಿನಡಿ ಎಣಿಕೆಯಾದರು. 1917ರ ಕಾಯಿದೆಯಿಂದ ಪೌರತ್ವ ಪಡೆದ ಪೋರ್ಟೊರಿಕೊದವರು, 1966ರ ವಿಶೇಷ ಕಾನೂನಿನ ಆಸರೆ ಪಡೆದ ಕ್ಯೂಬಾದವರು, ಕಾಗದಪತ್ರವಿಲ್ಲದೆ ದಶಕಗಳನ್ನು ಕಳೆದ ಮೆಕ್ಸಿಕೊದವರು, ಎಲ್ಲರೂ ಒಂದೇ ಚೀಲದಲ್ಲಿ. ಈ ಪದದ ವಿಚಿತ್ರವನ್ನು ತಿಳಿಯಲು ಬೆಟ್ಟಿಯ ಕಥೆ ಸಾಕು. 1999ರಲ್ಲಿ ಕೊಲಂಬಿಯಾದಲ್ಲಿ ಬಂದ ಮೂಲ ಧಾರಾವಾಹಿಯಲ್ಲಿ ಬೆಟ್ಟಿಯ ಮನೆಯವರು ಬೊಗೊಟಾದ ಮಧ್ಯಮವರ್ಗದವರು, ಅಷ್ಟೆ. ಅಲ್ಲಿ ಅವರು 'ಹಿಸ್ಪಾನಿಕ್' ಅಲ್ಲ, ಸುತ್ತಲಿನವರೆಲ್ಲ ಅವರಂಥವರೇ. ಅದೇ ಕಥೆ 2003ರಲ್ಲಿ ಹಿಂದಿಯ 'ಜಸ್ಸಿ' ಆದಾಗಲೂ ನಾಯಕಿಯ ತೊಡಕು ರೂಪದ್ದು, ಉದ್ಯೋಗದ್ದು. 2006ರಲ್ಲಿ ಅದು 'ಅಗ್ಲಿ ಬೆಟ್ಟಿ'ಯಾಗಿ ನ್ಯೂಯಾರ್ಕಿಗೆ ಬಂದಾಗ ಮಾತ್ರ ತಂದೆಯ ವಲಸೆಯ ಕಾಗದಗಳು ಕಥೆಯಾಗುತ್ತವೆ. ಗಡಿ ದಾಟಿದ ಮೇಲೆ ಮನುಷ್ಯ ಜನಾಂಗದ ಮಾದರಿಯಾಗುತ್ತಾನೆ.

ದೆಹಲಿ, ಮುಂಬಯಿಗಳಲ್ಲಿ ಬಾಳುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಧಾರವಾಡದವನೂ ಮಂಗಳೂರಿನವಳೂ ವಿಂಧ್ಯ ದಾಟಿದೊಡನೆ 'ಮದ್ರಾಸಿ'ಗಳಾಗುತ್ತಾರೆ. ವರ್ಗಾವಣೆಯ ಮೇಲೆ ಉತ್ತರದ ಕಚೇರಿಗಳಿಗೆ ಹೋದಾಗಲೆಲ್ಲ, ಜೋಳದ ರೊಟ್ಟಿ ತರುವ ನನಗೂ ಇಡ್ಲಿ ಸಾಂಬಾರಿನ ಕುಶಲಪ್ರಶ್ನೆ ತಪ್ಪಿದ್ದಿಲ್ಲ. ಕೇಳುವವರಲ್ಲಿ ಕೆಡುಕಿರುವುದಿಲ್ಲ. ಪ್ರೀತಿಯ ಪಡಿಯಚ್ಚಿನ ತೊಂದರೆಯೇ ಅದು: ಹಗೆಯನ್ನು ಎದುರಿಸಬಹುದು, ಅಕ್ಕರೆಯನ್ನು ಎದುರಿಸಿದರೆ ನಾವೇ ಸಿಡುಕರಾಗುತ್ತೇವೆ.

ಹಾಗಾದರೆ ಹಿಸ್ಪಾನಿಕ್ ಪಾತ್ರಗಳನ್ನೆಲ್ಲ ಸಭ್ಯರನ್ನಾಗಿ, ವೈದ್ಯರನ್ನಾಗಿ, ಮೆಲುದನಿಯವರನ್ನಾಗಿ ಮಾಡಿಬಿಡಬೇಕೆ? ಈ ಪರಿಹಾರ ರೋಗಕ್ಕಿಂತ ಬೇಸರದ್ದು. ಬೇರೊಂದು ದಾರಿಯಿದೆ ಎಂಬುದನ್ನು 'ಜೇನ್ ದ ವರ್ಜಿನ್' ತೋರಿಸಿಕೊಟ್ಟಿದೆ. 2014ರಿಂದ 2019ರವರೆಗೆ ಸರಿಯಾಗಿ ನೂರು ಕಂತು ನಡೆದ ಈ ಪ್ರಣಯಹಾಸ್ಯಕ್ಕೆ ವೆನೆಜುವೆಲಾದ ಟೆಲಿನೊವೆಲಾ ಮೂಲ. ಪಟ್ಟಿ ಮಾಡಿದರೆ ಇದರಲ್ಲಿ ಇಲ್ಲದ ಪಡಿಯಚ್ಚೇ ಇಲ್ಲ: ಜಪಸರ ಹಿಡಿದ ಕ್ಯಾಥೊಲಿಕ್ ಅಜ್ಜಿ ಆಲ್ಬಾ, ಹದಿಹರೆಯದಲ್ಲಿ ಬಸುರಾಗಿ ಗಂಡನಿಲ್ಲದೆ ಮಗಳನ್ನು ಬೆಳೆಸಿದ ಕುಣಿತದ ತಾಯಿ ಸಿಯೊಮಾರಾ, ಕನ್ಯತ್ವದ ವ್ರತ ತೊಟ್ಟ ಮೊಮ್ಮಗಳು ಜೇನ್. ಮೊದಲ ದೃಶ್ಯದಲ್ಲೇ ಅಜ್ಜಿ ಪುಟ್ಟ ಮೊಮ್ಮಗಳ ಕೈಯಿಂದ ಬಿಳಿಯ ಹೂವನ್ನು ಹಿಸುಕಿಸಿ, ಇದನ್ನಿನ್ನು ಮೊದಲಿನಂತೆ ಮಾಡು ಎನ್ನುತ್ತಾಳೆ.

ಆದರೆ ಈ ಮನೆಯಲ್ಲಿ ಪ್ರತಿ ಅಭ್ಯಾಸಕ್ಕೂ ಒಂದು ಕಾರಣವಿದೆ. ಸಿಯೊಮಾರಾ ಬಸುರಾದಾಗ ಗರ್ಭಪಾತ ಮಾಡಿಸಿಕೋ ಎಂದವಳು ಇದೇ ಜಪಸರದ ಅಜ್ಜಿ. ಆ ನಾಚಿಕೆಯನ್ನು ಆಕೆ ಎರಡು ದಶಕ ಹೊತ್ತಿದ್ದಾಳೆ. ಅದು ತಿಳಿದ ಮೇಲೆ ಹೂವಿನ ಪಾಠ 'ಲ್ಯಾಟಿನ್ ಸಂಸ್ಕೃತಿ'ಯಾಗಿ ಉಳಿಯುವುದಿಲ್ಲ, ಆಲ್ಬಾಳ ಬದುಕಾಗುತ್ತದೆ. ಅವಳು ಬಹುಪಾಲು ಸ್ಪ್ಯಾನಿಷ್‌ನಲ್ಲಿ ಮಾತನಾಡುತ್ತಾಳೆ, ಮಗಳು ಮೊಮ್ಮಗಳು ಇಂಗ್ಲಿಷ್‌ನಲ್ಲಿ ಉತ್ತರಿಸುತ್ತಾರೆ, ತೆರೆಯ ಕೆಳಗೆ ಅನುವಾದ ಬರುತ್ತದೆ. 1951ರ 'ಐ ಲವ್ ಲೂಸಿ'ಯಲ್ಲಿ ಡೆಸಿ ಅರ್ನಾಜ್ ಸಿಟ್ಟಿನಿಂದ ಸ್ಪ್ಯಾನಿಷ್ ಸುರಿಸಿದಾಗ ಅರ್ಥ ಬೇಕಿರಲಿಲ್ಲ, ಸದ್ದೇ ನಗೆಯಾಗಿತ್ತು. ಇಲ್ಲಿ ಅರ್ಥ ಬೇಕು, ಏಕೆಂದರೆ ಮನೆಯ ಅತ್ಯಂತ ತೂಕದ ಮಾತುಗಳು ಅಜ್ಜಿಯವು. ಕಾಗದಪತ್ರವಿಲ್ಲದ ಆಲ್ಬಾ ಪೆಟ್ಟಾಗಿ ಆಸ್ಪತ್ರೆ ಸೇರಿದಾಗ ಅವಳನ್ನು ವೆನೆಜುವೆಲಾಕ್ಕೆ ಸಾಗಹಾಕುವ ಮಾತು ಬರುತ್ತದೆ. ಇದು ನಿಜವಾಗಿಯೂ ನಡೆಯುತ್ತದೆ ಎಂದು ತೆರೆಯ ಮೇಲೆ ಅಕ್ಷರ ಮೂಡುತ್ತದೆ. ಜೇನ್‌ಳ ತಂದೆ ರೊಹೆಲಿಯೊ ಮಹಾ ಜಂಬಗಾರ, ಧಾರಾವಾಹಿಯ ಅತಿ ದೊಡ್ಡ ವಿದೂಷಕ. ಅವನನ್ನು ನೋಡಿ ಮೆಕ್ಸಿಕೊದವರೆಲ್ಲ ಜಂಬಗಾರರು ಎನ್ನಲಾರೆವು. ಅವನ ಜಂಬ ಅವನದೇ, ಫಿಲ್‌ನ ಪೆದ್ದುತನ ಫಿಲ್‌ನದೇ ಆಗಿರುವಂತೆ. ನಾನು ಕೇಳುವ ಸಮಾನತೆ ಇಷ್ಟೇ.

ಈ ಧಾರಾವಾಹಿಯೂ ನಿರ್ದೋಷಿಯಲ್ಲ. ಮೂರು ತಲೆಮಾರಿನ ವೆನೆಜುವೆಲಾ ಮೂಲದ ಹೆಂಗಸರಾಗಿ ನಟಿಸಿದ ಮೂವರ ಬೇರುಗಳೂ ಪೋರ್ಟೊರಿಕೊದವು, ಅಂದರೆ ಗಡಿಪಾರಿನ ಭಯವೇ ಇಲ್ಲದ ಸಮುದಾಯದವು. ಕಥೆ ಹರಿದ ಚೀಲವನ್ನು ಪಾತ್ರವರ್ಗದ ಆಯ್ಕೆ ಮತ್ತೆ ಹೊಲಿದಿದೆ. ಉಚ್ಚಾರ, ಊಟ, ಊರಿನ ನೆನಪುಗಳಲ್ಲಿ ವೆನೆಜುವೆಲಾ ತೆಳುವಾಗಿಯೇ ಉಳಿಯಿತು. ಒಳ್ಳೆಯ ಬರವಣಿಗೆಗೂ ಆ ಪದದ ಹಿಡಿತವನ್ನು ಪೂರ್ತಿ ಬಿಡಿಸಲಾಗಲಿಲ್ಲ.

ನಗುವುದು ಬೇಡ ಎನ್ನುವವರ ಪಕ್ಷ ನನ್ನದಲ್ಲ. ಅಜ್ಜಿ ಜಪಸರ ಹಿಡಿಯಲಿ, ತಾಯಿ ಕುಣಿಯಲಿ, ಗ್ಲೋರಿಯಾ ಇನ್ನೂ ಜೋರಾಗಿ ಕೂಗಲಿ. ಆದರೆ ಹಾಸ್ಯ ಬರೆಯುವವರು ತಮ್ಮನ್ನು ಒಂದು ಪ್ರಶ್ನೆ ಕೇಳಿಕೊಳ್ಳಲಿ: ಈ ಪಾತ್ರದ ದೇಶವನ್ನು ಬದಲಿಸಿದರೆ ನಗೆ ಉಳಿಯುತ್ತದೆಯೇ? ಉಳಿದರೆ ಅದು ಮನುಷ್ಯನನ್ನು ಕಂಡ ನಗೆ. ಉಳಿಯದಿದ್ದರೆ ಪಾತ್ರ ಹುಟ್ಟುವ ಮೊದಲೇ ನಗೆ ಸಿದ್ಧವಾಗಿತ್ತು ಎಂದರ್ಥ. ಅಂಥ ನಗೆಗೆ ಫಾರ್ಸ್ಟರನ ಹೆಸರನ್ನು ಎರವಲು ಕೊಡುವುದನ್ನು ಇಂಗ್ಲಿಷ್ ಸಾಹಿತ್ಯ ಓದಿದ ನಾವಾದರೂ ನಿಲ್ಲಿಸಬೇಕು.